ದೀಪ ಉರಿದರೆ ಸಾಲದು: ಮನೆ ವೈರಿಂಗ್ ತಪಾಸಣೆಯ ನನ್ನ ಅನುಭವ

"ಎಲ್ಲವೂ ಚೆನ್ನಾಗಿಯೇ ನಡೆಯುತ್ತಿದೆಯಲ್ಲ, ಇನ್ನೇನು ನೋಡುತ್ತೀರಿ?" ತಪಾಸಣೆಗೆ ಹೋದಾಗ ಮನೆ ಮಾಲೀಕರು ಮೊದಲು ಕೇಳುವುದು ಇದನ್ನೇ. ದೀಪ ಉರಿಯಲು, ಫ್ಯಾನ್ ತಿರುಗಲು ವಿದ್ಯುತ್ತು ತರುವ ಫೇಸ್ ತಂತಿ ಮತ್ತು ಅದು ಮರಳುವ ನ್ಯೂಟ್ರಲ್ ತಂತಿ ಇದ್ದರೆ ಸಾಕು. ಸೋರಿದ ವಿದ್ಯುತ್ತನ್ನು ನೆಲಕ್ಕೆ ಒಯ್ಯುವ ಅರ್ಥಿಂಗ್ ತಂತಿ ಕಡಿದುಹೋಗಿದ್ದರೂ ಯಾವ ಯಂತ್ರವೂ ನಿಲ್ಲುವುದಿಲ್ಲ. ಗೀಸರಿನ ಕಾಯಿಲ್ ಒಡೆದು ವಿದ್ಯುತ್ತು ಅದರ ಲೋಹದ ಮೈಗೆ ಹರಿದ ದಿನವೇ ಆ ತಂತಿಯ ಅಗತ್ಯ ಬೀಳುವುದು. ಆದ್ದರಿಂದ ನನ್ನ ಹೆಚ್ಚಿನ ಹೊತ್ತು ಅದರ ಜಾಡು ಹಿಡಿಯುವುದರಲ್ಲೇ ಕಳೆಯುತ್ತದೆ.

ಮೂರು ತೂತಿನ ಸಾಕೆಟ್ ಕಂಡ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದು ನಾನು ನಂಬುವುದಿಲ್ಲ; ಬಿಚ್ಚಿಯೇ ನೋಡುತ್ತೇನೆ. ಕೆಲವು ಹಳೆಯ ಮನೆಗಳಲ್ಲಿ ನ್ಯೂಟ್ರಲ್‌ನಿಂದಲೇ ಅರ್ಥ್ ಪಿನ್ನಿಗೆ ಒಂದು ತುಂಡು ತಂತಿ ಸೇರಿಸಿರುತ್ತಾರೆ. ಪ್ಲಗ್‌ನಂತೆ ಸಿಕ್ಕಿಸುವ ಮೂರು ದೀಪದ ಟೆಸ್ಟರ್ ಅದನ್ನೂ 'ಸರಿ' ಎಂದೇ ತೋರಿಸುತ್ತದೆ. ಎಲ್ಲೋ ಹಿಂದೆ ನ್ಯೂಟ್ರಲ್ ಸಡಿಲವಾಗಿ ಬಿಟ್ಟುಕೊಂಡಿತೆಂದರೆ ಆ ಸಾಕೆಟ್ಟಿಗೆ ಸೇರಿಸಿದ ವಾಷಿಂಗ್ ಮೆಷಿನ್ನಿನ ಮೈಯೇ ಫೇಸ್ ಆಗಿಬಿಡುತ್ತದೆ. ನಾನು ಕಂಡ ದೋಷಗಳಲ್ಲಿ ಇದರಷ್ಟು ಸಿಟ್ಟು ತರಿಸುವುದು ಇನ್ನೊಂದಿಲ್ಲ, ಏಕೆಂದರೆ ಅದನ್ನು ಯಾರೋ ತಿಳಿದೇ ಮಾಡಿರುತ್ತಾರೆ.

ಪರೀಕ್ಷೆಯನ್ನು ಮೇನ್ ಆರಿಸಿಯೇ ಆರಂಭಿಸುತ್ತೇನೆ. ಆರಿಸಿದ ಮೇಲೂ ವಿದ್ಯುತ್ತು ನಿಜಕ್ಕೂ ಇಲ್ಲವೇ ಎಂದು ಅಳೆಯುತ್ತೇನೆ. ಅಳೆಯುವ ಉಪಕರಣವೇ ಕೆಟ್ಟಿಲ್ಲವೆಂದು ಮೊದಲೂ ನಂತರವೂ ಖಾತ್ರಿ ಮಾಡಿಕೊಳ್ಳುತ್ತೇನೆ. ಬೋರ್ಡಿನಿಂದ ಪ್ರತಿ ಸಾಕೆಟ್ಟಿನವರೆಗೆ, ಗೀಸರ್ ಮತ್ತು ಪಂಪಿನ ಮೈಯವರೆಗೆ ಅರ್ಥ್ ತಂತಿ ತುಂಡಾಗದೆ ಬಂದಿದೆಯೇ ನೋಡುತ್ತೇನೆ. ಆಮೇಲೆ ಮೆಗ್ಗರ್, ಅಂದರೆ ತಂತಿಯ ಹೊದಿಕೆ ವಿದ್ಯುತ್ತನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುವ ಉಪಕರಣ. ಟಿವಿ, ಎಲ್‌ಇಡಿ ದೀಪ, ರೆಗ್ಯುಲೇಟರ್ ಎಲ್ಲವನ್ನೂ ಬೇರ್ಪಡಿಸಿ 500 ವೋಲ್ಟ್ ಡಿಸಿ ಹಾಕಿದಾಗ ತಂತಿಯ ಹೊದಿಕೆಯ ನಿರೋಧ ಕನಿಷ್ಠ 1 ಮೆಗಾ ಓಮ್ ಬರಬೇಕು. ಒಳ್ಳೆಯ ವೈರಿಂಗ್ ಅದಕ್ಕಿಂತ ಬಹಳ ಹೆಚ್ಚು ತೋರಿಸುತ್ತದೆ. 1ರ ಗಡಿಯನ್ನು ಹೇಗೋ ದಾಟಿದ ಸರ್ಕ್ಯೂಟನ್ನು ಪಾಸಾಯಿತೆಂದು ಬಿಡುವುದು ನನಗೆ ಒಗ್ಗುವುದಿಲ್ಲ. ಒಂದೊಂದೇ ಭಾಗ ಬಿಡಿಸುತ್ತ ಹೋದರೆ ಸಾಮಾನ್ಯವಾಗಿ ತೇವ ಹಿಡಿದ ಬಚ್ಚಲ ಗೋಡೆಯೋ ಹೊರಗಿನ ದೀಪವೋ ಸಿಕ್ಕಿಬೀಳುತ್ತದೆ.

ಹೊರೆ ಹೆಚ್ಚಾದಾಗ ತಾನಾಗಿ ಆರುವ ಸ್ವಿಚ್ಚಾದ ಎಂಸಿಬಿ ಇದ್ದರೆ ಶಾಕ್ ಹೊಡೆಯುವುದಿಲ್ಲ ಎಂಬ ನಂಬಿಕೆ ಎಷ್ಟು ಆಳವಾಗಿದೆಯೆಂದರೆ ಪ್ರತಿ ಮನೆಯಲ್ಲೂ ಬಿಡಿಸಿ ಹೇಳುತ್ತೇನೆ. ಎಂಸಿಬಿ ಕಾಯುವುದು ತಂತಿಯನ್ನು. ಮನುಷ್ಯನ ಮೈಯಲ್ಲಿ ಹರಿದು ಕೊಲ್ಲಬಲ್ಲ 0.1 ಆಂಪಿಯರ್ 16 ಆಂಪಿಯರಿನ ಎಂಸಿಬಿಗೆ ಲೆಕ್ಕಕ್ಕೇ ಇಲ್ಲ. ಜೀವ ಕಾಯಲು, ವಿದ್ಯುತ್ತು ಸೋರಿದ ಕೂಡಲೇ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಬೇಕು. ಅದರ ಮೇಲಿನ ಟೆಸ್ಟ್ ಗುಂಡಿ ಒತ್ತಿದರೆ ಒಳಗಿನ ಯಂತ್ರ ಕದಲುತ್ತದೆಯೇ ಎಂಬುದಷ್ಟೇ ತಿಳಿಯುತ್ತದೆ. ಎಷ್ಟು ಬೇಗ ಕಡಿಯಿತು, ಅರ್ಥಿಂಗ್ ಇದೆಯೇ ಎಂಬುದು ತಿಳಿಯುವುದಿಲ್ಲ. ಉಪಕರಣದಿಂದ 30 ಮಿಲಿ ಆಂಪಿಯರ್ ಸೋರಿಸಿದಾಗ 300 ಮಿಲಿಸೆಕೆಂಡಿನೊಳಗೆ, 150 ಸೋರಿಸಿದಾಗ 40ರೊಳಗೆ ಕಡಿಯಬೇಕು.

ಈ ಎರಡೂ ಸ್ವಿಚ್ಚುಗಳಿಗೆ ಕಾಣದ್ದು ಸಡಿಲ ಸ್ಕ್ರೂ. ವಿದ್ಯುತ್ತು ಹರಿದಾಗ ಅದು ಬಿಸಿಯಾಗುತ್ತದೆ. ಗೀಸರ್, ಇಸ್ತ್ರಿಪೆಟ್ಟಿಗೆ ಸ್ವಲ್ಪ ಹೊತ್ತು ನಡೆಸಿ ಉಷ್ಣ ಕ್ಯಾಮೆರಾದಿಂದ ಬೋರ್ಡ್ ನೋಡುತ್ತೇನೆ. ಕಂದಿದ ಪ್ಲಾಸ್ಟಿಕ್, ಸುಟ್ಟ ವಾಸನೆ ಇದ್ದರೆ ಕ್ಯಾಮೆರಾವೂ ಬೇಡ.

ಬಾಡಿಗೆ ಮನೆಯಾದರೆ ಒಬ್ಬರು ಖಾಲಿ ಮಾಡಿ ಇನ್ನೊಬ್ಬರು ಬರುವ ನಡುವೆ ಕರೆಯಿರಿ ಎನ್ನುತ್ತೇನೆ. ಬೀರುವಿನ ಹಿಂದೆ ಅಡಗಿದ ಸಾಕೆಟ್ ಆಗ ಕೈಗೆ ಸಿಗುತ್ತದೆ. ಜನ ವಾಸವಿದ್ದರೆ ಮೀಟರಿಗಿಂತ ಮೊದಲು ಅವರ ಮಾತು. "ಗೀಸರ್ ಹಾಕಿದಾಗ ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದೆ, ಮಾಲೀಕರಿಗೆ ಹೇಳಲು ಸಂಕೋಚ" ಎಂದು ಗೃಹಿಣಿಯೊಬ್ಬರು ಮೆಲ್ಲನೆ ಹೇಳಿದ ಕೂಡಲೇ ಆ ಗೀಸರಿನ ಸಂಪರ್ಕ ತೆಗೆದಿದ್ದೆ. ಬಾಡಿಗೆದಾರರಿಗೆ ಬೋರ್ಡ್ ಬಿಚ್ಚುವ ಅಧಿಕಾರವಿಲ್ಲ. ಹಾಗಿರುವಾಗ ತಪಾಸಣೆಯ ಹೊಣೆ ಮಾಲೀಕರದೇ.

ವರದಿಯಲ್ಲಿ 'ಸರಿಯಿದೆ' ಎಂದಷ್ಟೇ ಬರೆಯುವುದಿಲ್ಲ. ಈಗಲೇ ಕಡಿಯಬೇಕಾದದ್ದು, ಬೇಗ ದುರಸ್ತಿಯಾಗಬೇಕಾದದ್ದು, ಮುಂದೆ ಸುಧಾರಿಸಬಹುದಾದದ್ದು ಎಂದು ವಿಂಗಡಿಸಿ, ಪ್ರತಿ ಸರ್ಕ್ಯೂಟಿನ ಅಳತೆಯನ್ನೂ ದಾಖಲಿಸಿ ಮಾಲೀಕರಿಗೊಂದು, ಬಾಡಿಗೆದಾರರಿಗೊಂದು ಪ್ರತಿ ಕೊಡುತ್ತೇನೆ. ಹಿಂದಿನ ಸಲ 200 ಮೆಗಾ ಓಮ್ ಇದ್ದ ಸರ್ಕ್ಯೂಟ್ ಈ ಸಲ 5ಕ್ಕೆ ಇಳಿದಿದ್ದರೆ ಎರಡೂ ಪಾಸೇ. ಆದರೂ ಗೋಡೆಯೊಳಗೆ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಲು ಅಂದೇ ಶುರುಮಾಡುತ್ತೇನೆ.