ಸೋತ ಮೇಲೆ ಕೈಯಲ್ಲಿ ಏನು ಉಳಿಯುತ್ತದೆ: ಈಚೆಗೆ ಆಡಿದ ಕೆಲವು ಗೇಮ್‌ಗಳು

ಈಚೆಗೆ ಬೇರೆ ಬೇರೆ ಬಗೆಯ ಗೇಮ್‌ಗಳನ್ನು ಒಂದರ ಹಿಂದೊಂದು ಆಡುತ್ತಾ ಬಂದೆ. ಹೊಡೆದಾಟ, ಕಾರ್ಡ್, ಜಿಗಿತ, ರೇಸಿಂಗ್, ಪತ್ತೇದಾರಿ, ಬೇಸಾಯ, ಎಲ್ಲವೂ ಇದ್ದವು. ಗ್ರಾಫಿಕ್ಸ್ ಹೇಗಿದೆ, ಕಥೆ ಹೇಗಿದೆ ಅಂತ ನೋಡುವ ಅಭ್ಯಾಸ ಮೊದಲಿಂದಲೂ ಇದೆ. ಈ ಸಲ ಇನ್ನೊಂದನ್ನೂ ಗಮನಿಸಿದೆ. ಸೋತಾಗ ಗೇಮ್ ನಮ್ಮಿಂದ ಏನು ಕಿತ್ತುಕೊಳ್ಳುತ್ತದೆ, ಏನನ್ನು ಉಳಿಸಿಕೊಡುತ್ತದೆ? ಒಂದು ಗೇಮ್ ನನಗೆ ಹಿಡಿಸುವುದಕ್ಕೂ ಹಿಡಿಸದಿರುವುದಕ್ಕೂ ಇದೇ ದೊಡ್ಡ ಕಾರಣ ಅಂತ ಈಗ ಅನ್ನಿಸುತ್ತಿದೆ.

ಇದು ಹೊಳೆದಿದ್ದು 'ಹೇಡಿಸ್' ಮತ್ತು 'ಸ್ಲೇ ದ ಸ್ಪೈರ್' ಎರಡನ್ನೂ ಒಟ್ಟೊಟ್ಟಿಗೆ ಆಡುವಾಗ. ಎರಡನ್ನೂ ರೋಗ್‌ಲೈಕ್ ಗುಂಪಿಗೆ ಸೇರಿಸುತ್ತಾರೆ. ಸತ್ತರೆ ಮೊದಲಿಂದ ಶುರು, ಪ್ರತಿ ಸಲ ದಾರಿ ಬೇರೆ. ನಿಯಮ ಒಂದೇ. ಆದರೆ ಆಡುವಾಗ ಮನಸ್ಸಿಗೆ ಆಗುವುದಕ್ಕೆ ಒಂದಕ್ಕೊಂದು ಸಂಬಂಧವೇ ಇಲ್ಲ.

'ಹೇಡಿಸ್' ಸೂಪರ್‌ಜೈಂಟ್ ಗೇಮ್ಸ್‌ನವರದು. 2020ರಲ್ಲಿ ಪೂರ್ತಿಯಾಗಿ ಬಿಡುಗಡೆಯಾಯಿತು. ಗ್ರೀಕ್ ಪುರಾಣದಲ್ಲಿ ಸತ್ತವರ ಲೋಕಕ್ಕೆ ಹೇಡಿಸ್ ಒಡೆಯ. ಅವನ ಮಗ ಜಾಗ್ರಿಯಸ್ ಮನೆ ಬಿಟ್ಟು ಓಡಿಹೋಗಲು ಹೊರಡುತ್ತಾನೆ. ಟಾರ್ಟರಸ್, ಆಸ್ಫಡೆಲ್, ಎಲಿಸಿಯಮ್ ಎಲ್ಲ ದಾಟಿ ಮೇಲೆ ಬರಬೇಕು. ದಾರಿಯಲ್ಲಿ ಸತ್ತರೆ ಮತ್ತೆ ಅದೇ ಮನೆಯ ಕೆಂಪು ಕೊಳದಿಂದ ಎದ್ದು ಬರುತ್ತಾನೆ. ನನಗೆ ತುಂಬಾ ಇಷ್ಟವಾಗಿದ್ದು ಈ ಎದ್ದು ಬರುವ ಗಳಿಗೆಯೇ. ನಿದ್ದೆಯ ದೇವರು ಹಿಪ್ನೋಸ್ ಅಲ್ಲೇ ಇರುತ್ತಾನೆ. ನಮ್ಮನ್ನು ಈ ಸಲ ಕೊಂದಿದ್ದು ಯಾರು ಅಂತ ನೋಡಿ, ಅದರ ಬಗ್ಗೆಯೇ ಒಂದು ಮಾತು ಆಡುತ್ತಾನೆ. ಮೇಜಿನ ಹಿಂದೆ ಕೂತ ಅಪ್ಪ ಚುಚ್ಚುತ್ತಾನೆ. ಮೂರು ತಲೆಯ ನಾಯಿ ಸೆರ್ಬೆರಸ್‌ನ ತಲೆ ಸವರಬಹುದು. ಟಾರ್ಟರಸ್ ಕೊನೆಯಲ್ಲಿ ಚಾಟಿ ಬೀಸಿ ಬಡಿದಾಡಿದ ಮೆಗೇರಾ, ಆಮೇಲೆ ಅದೇ ಮನೆಯ ಹಜಾರದಲ್ಲಿ ಸಿಗುತ್ತಾಳೆ, ಮಾತಾಡಿಸಿದರೆ ಮಾತಾಡುತ್ತಾಳೆ. ಸೋಲದೆ ಕೇಳಸಿಗದ ಮಾತುಗಳು ಎಷ್ಟೋ ಇವೆ. ಹಾಗಾಗಿ ಸತ್ತಾಗ ಬೇಜಾರಿಗಿಂತ, ಈಗ ಮನೆಯಲ್ಲಿ ಯಾರು ಏನು ಹೇಳಬಹುದು ಅನ್ನುವ ಕುತೂಹಲವೇ ಜಾಸ್ತಿ.

ಇದರಲ್ಲಿ ಒಟ್ಟು 6 ಆಯುಧ ಇವೆ. ಪ್ರತಿ ಸಲ ಯಾವುದಾದರೂ ಒಂದು ಆಯುಧದಲ್ಲಿ ಹೋದರೆ ಹೆಚ್ಚುವರಿ ಗಳಿಕೆ ಸಿಗುತ್ತದೆ ಅಂತ ಗೇಮೇ ತೋರಿಸುತ್ತದೆ. ನಾನು ನನ್ನ ಇಷ್ಟ ಬಿಟ್ಟು, ಅದು ತೋರಿಸಿದ್ದನ್ನೇ ಎತ್ತಿಕೊಂಡು ಹೊರಡುತ್ತಿದ್ದೆ. ಇಲ್ಲದಿದ್ದರೆ ಬಿಲ್ಲನ್ನು ನಾನು ಮುಟ್ಟುತ್ತಲೇ ಇರಲಿಲ್ಲ. ಹೆದೆ ಎಳೆದು ಹಿಡಿದಾಗ ಒಂದು ಕ್ಷಣ ಮಿಂಚುತ್ತದೆ. ಸರಿಯಾಗಿ ಆಗಲೇ ಬಿಟ್ಟರೆ ಬಾಣದ ಪೆಟ್ಟು ಜೋರು. ಆ ಮಿಂಚು ಕೈಗೆ ರೂಢಿಯಾದ ಮೇಲೆ ಬಿಲ್ಲೇ ನನ್ನ ಮೆಚ್ಚಿನ ಆಯುಧವಾಯಿತು. ಇನ್ನು, ಕಥೆ ಬೇಕು ಆದರೆ ಬೆರಳಿಗೆ ಅಷ್ಟು ಚುರುಕಿಲ್ಲ ಅನ್ನುವವರು ಸೆಟ್ಟಿಂಗ್‌ನಲ್ಲಿ ಗಾಡ್ ಮೋಡ್ ಹಾಕಿಕೊಳ್ಳಿ. ಮೊದಲು ಶೇ. 20ರಷ್ಟು ಪೆಟ್ಟು ಕಡಿಮೆಯಾಗುತ್ತದೆ. ಪ್ರತಿ ಸಾವಿಗೂ ಇನ್ನು 2 ಸೇರುತ್ತದೆ, ಶೇ. 80ರವರೆಗೆ ಏರುತ್ತದೆ. ಕಥೆಯಲ್ಲಿ ಏನೂ ಕಡಿತವಿಲ್ಲ. ಸೋತವರಿಗೇ ಬಲ ಕೊಡುವ ಈ ಲೆಕ್ಕ ನನಗೆ ಬಹಳ ಮರ್ಯಾದೆಯುಳ್ಳದ್ದಾಗಿ ಕಂಡಿತು.

'ಸ್ಲೇ ದ ಸ್ಪೈರ್' ಇದಕ್ಕೆ ಪೂರ್ತಿ ತದ್ವಿರುದ್ಧ. ಮೆಗಾ ಕ್ರಿಟ್‌ನವರು 2019ರಲ್ಲಿ ಪೂರ್ತಿ ರೂಪದಲ್ಲಿ ತಂದ ಕಾರ್ಡ್ ಗೇಮ್. ಮೊದಮೊದಲು ಸೋತರೂ ಒಂದಷ್ಟು ಹೊಸ ಕಾರ್ಡ್‌ಗಳು ತೆರೆದುಕೊಳ್ಳುತ್ತವೆ. ಅವು ಮುಗಿದ ಮೇಲೆ ಸೋತವರ ಕೈಗೆ ಏನೂ ಸಿಗುವುದಿಲ್ಲ. ಸಮಾಧಾನದ ಮಾತಿಲ್ಲ, ಹೆಚ್ಚುವರಿ ಬಲವಿಲ್ಲ. ತಲೆಯಲ್ಲಿ ಉಳಿದಿದ್ದಷ್ಟೇ ನಮ್ಮದು. ಆದರೂ ಇಷ್ಟೂ ಗೇಮ್‌ಗಳಲ್ಲಿ ನಾನು ಹೆಚ್ಚು ಹೊತ್ತು ಆಡಿದ್ದು ಇದನ್ನೇ.

ಯಾಕೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ಮೊದಲ ಪಾತ್ರ ಐರನ್‌ಕ್ಲಾಡ್ ಹೊರಡುವುದು 10 ಕಾರ್ಡ್‌ಗಳ ಜೊತೆ: 5 ಸ್ಟ್ರೈಕ್, 4 ಡಿಫೆಂಡ್, 1 ಬ್ಯಾಶ್. ಕಾರ್ಡ್ ಹಾಕಲು ಎನರ್ಜಿ ಖರ್ಚಾಗುತ್ತದೆ, ಪ್ರತಿ ಸರದಿಗೆ ಸಿಗುವುದು 3. ಸ್ಟ್ರೈಕ್ 6 ಪೆಟ್ಟು ಕೊಡುತ್ತದೆ, ಡಿಫೆಂಡ್ 5 ಪೆಟ್ಟು ತಡೆಯುತ್ತದೆ. ಶತ್ರು ಮುಂದೆ ಏನು ಮಾಡುತ್ತಾನೆ ಅನ್ನುವುದು ಅವನ ತಲೆಯ ಮೇಲೇ ಕಾಣಿಸುತ್ತದೆ. 14 ಅಂತ ಇದ್ದರೆ 14 ಪೆಟ್ಟು ಬೀಳುತ್ತದೆ, ಮುಚ್ಚುಮರೆಯಿಲ್ಲ. ಹಾಗಾಗಿ ಹೊಸಬರೆಲ್ಲ ಮೊದಲು ಕಲಿಯುವುದು ತಡೆಯುವುದನ್ನು. ದೊಡ್ಡ ಪೆಟ್ಟು ಬರುತ್ತಿದೆಯೇ, ಡಿಫೆಂಡ್ ಹಾಕು. ಆಗ ಎದುರಾಗುತ್ತಾನೆ ಗ್ರೆಮ್ಲಿನ್ ನಾಬ್. ನಾವು ಸ್ಕಿಲ್ ಜಾತಿಯ ಕಾರ್ಡ್ ಹಾಕಿದಾಗಲೆಲ್ಲ ಇವನಿಗೆ ಸಿಟ್ಟು ಬರುತ್ತದೆ, ಬಲ 2 ಏರುತ್ತದೆ. ಡಿಫೆಂಡ್ ಸ್ಕಿಲ್ ಕಾರ್ಡೇ. ಈಗ ಲೆಕ್ಕ ಹಾಕಿ. ಎರಡು ಡಿಫೆಂಡ್ ಹಾಕಿದರೆ 10 ತಡೆಯುತ್ತೇವೆ. ಆದರೆ 14 ಇದ್ದ ಪೆಟ್ಟು 18 ಆಗುತ್ತದೆ. ಉಳಿತಾಯ 6 ಮಾತ್ರ. ಏರಿದ ಆ 4 ಮುಂದಿನ ಪ್ರತಿ ಪೆಟ್ಟಿಗೂ ಅಂಟಿಕೊಂಡೇ ಬರುತ್ತದೆ. ಅದೇ ಮೊದಲು ಬ್ಯಾಶ್ ಹಾಕಿ ಅವನನ್ನು ದುರ್ಬಲ ಮಾಡಿದರೆ, ಮುಂದಿನ ಸರದಿಯಲ್ಲಿ 6ರ ಸ್ಟ್ರೈಕ್ 9 ಆಗುತ್ತದೆ. ಪೆಟ್ಟು ತಿಂದುಕೊಂಡೇ ಬೇಗ ಮುಗಿಸುವುದು ಜಾಣತನ. ಇಲ್ಲಿಯವರೆಗೆ ಕಾಪಾಡಿದ ಅಭ್ಯಾಸವೇ ಇಲ್ಲಿ ನಮ್ಮನ್ನು ಕೊಲ್ಲುತ್ತದೆ. ಇದನ್ನು ಯಾವ ಪಾತ್ರವೂ ಬಾಯಿಬಿಟ್ಟು ಹೇಳುವುದಿಲ್ಲ. ಒಬ್ಬ ಶತ್ರುವನ್ನು ಎದುರಿಗೆ ನಿಲ್ಲಿಸಿ ಕಲಿಸಿಬಿಡುತ್ತದೆ.

ಇದರಲ್ಲಿ ನಾನು ರೂಢಿಸಿಕೊಂಡಿದ್ದು ಎರಡು. ಪ್ರತಿ ಕಾಳಗ ಗೆದ್ದ ಮೇಲೆ 3 ಕಾರ್ಡ್ ತೋರಿಸಿ ಒಂದನ್ನು ತಗೋ ಅನ್ನುತ್ತದೆ. ಬೇಡ ಅನ್ನುವ ಬಟನ್ನೂ ಇದೆ. ಆ ಬಟನ್ ಒತ್ತುವುದನ್ನು ಕಲಿತರೆ ಅರ್ಧ ಆಟ ಕಲಿತಂತೆ. ಇಪ್ಪತ್ತು ಒಳ್ಳೆಯ ಕಾರ್ಡ್‌ಗಳ ನಡುವೆ ಬೇಕಾದ ಒಂದು ಕಾರ್ಡ್ ಕೈಗೆ ಬರದಿದ್ದರೆ ಏನು ಪ್ರಯೋಜನ, ಅಲ್ವಾ? ಇನ್ನೊಂದು, ಅಂಗಡಿ ಸಿಕ್ಕಾಗ ಹೊಸದನ್ನು ಕೊಳ್ಳುವ ಮೊದಲು ದುಡ್ಡು ಕೊಟ್ಟು ಒಂದು ಹಳೇ ಸ್ಟ್ರೈಕ್ ತೆಗೆಸುತ್ತೇನೆ. ಮೊದಲ ಸಲಕ್ಕೆ 75 ಚಿನ್ನ, ಆಮೇಲೆ ಪ್ರತಿ ಸಲ 25 ಹೆಚ್ಚು. ಅಷ್ಟು ಕೊಡಬಹುದು.

'ಸೆಲೆಸ್ಟ್' 2018ರ ಜಿಗಿತದ ಗೇಮ್. ಮ್ಯಾಡಲೀನ್ ಅನ್ನುವ ಹುಡುಗಿ ಒಂದು ಬೆಟ್ಟ ಹತ್ತುತ್ತಾಳೆ. ಜಿಗಿಯುವುದು, ಗೋಡೆ ಹಿಡಿಯುವುದು, ಗಾಳಿಯಲ್ಲಿ ಒಮ್ಮೆ ಮುನ್ನುಗ್ಗುವುದು, ಇಷ್ಟೇ ಅವಳ ಕೈಲಾಗುವುದು. ಇಲ್ಲಿ ಸೋತರೆ ಹೋಗುವುದು ಕೆಲವು ಸೆಕೆಂಡ್ ಮಾತ್ರ. ಮುಳ್ಳಿಗೆ ತಗುಲಿ ಸತ್ತ ಕೂಡಲೇ ಅದೇ ಪರದೆಯ ಶುರುವಿನಲ್ಲಿ ನಿಂತಿರುತ್ತಾಳೆ. ಕಾಯಿಸುವುದಿಲ್ಲ, ಹಂಗಿಸುವುದಿಲ್ಲ. ಸತ್ತ ಲೆಕ್ಕವನ್ನು ನೋಡಿ ಹೆಮ್ಮೆಪಡು, ಅಷ್ಟು ಕಲಿಯುತ್ತಿದ್ದೀಯ ಅಂತ ಗೇಮೇ ಧೈರ್ಯ ಹೇಳುತ್ತದೆ.

ನಾನು ಇದನ್ನು ಆಡಿದ್ದು ಮ್ಯಾಡಲೀನಳ ಕೂದಲು ನೋಡಿಕೊಂಡು. ಮುನ್ನುಗ್ಗುವ ಶಕ್ತಿ ಇದ್ದಾಗ ಕೂದಲು ಕೆಂಪು. ಬಳಸಿದ ಕೂಡಲೇ ನೀಲಿ. ನೆಲ ಮುಟ್ಟಿದರೆ ಮತ್ತೆ ಕೆಂಪು. ಪರದೆಯ ಮೂಲೆಯಲ್ಲಿ ಯಾವ ಗುರುತನ್ನೂ ಹುಡುಕಬೇಕಿಲ್ಲ. ಕಣ್ಣು ಅವಳ ಮೇಲಿದ್ದರೆ ಸಾಕು. ಇನ್ನೊಂದು ವಿಷಯ ತಿಳಿದಿದ್ದು ಆಡುತ್ತಾ ಆಡುತ್ತಾ. ಅಂಚಿನಿಂದ ಕಾಲು ಜಾರಿದ ಮೇಲೂ ತೀರಾ ಸಣ್ಣ ಹೊತ್ತು ಜಿಗಿಯಲು ಬಿಡುತ್ತದೆ. ಇದಕ್ಕೆ ಗೇಮ್ ಮಾಡುವವರು ಕಯೋಟಿ ಟೈಮ್ ಅನ್ನುತ್ತಾರೆ. ನೋಡಲು ಇಷ್ಟು ಕಠಿಣವಾದ ಗೇಮ್ ಒಳಗೊಳಗೇ ನಮ್ಮ ಪರವಾಗಿ ಕೆಲಸ ಮಾಡುತ್ತಿರುತ್ತದೆ. ದಾರಿಯಲ್ಲಿ ಅಲ್ಲಲ್ಲಿ ಕಾಣುವ ಸ್ಟ್ರಾಬೆರಿಗಳನ್ನು ಮಾತ್ರ ಮೊದಲ ಸಲ ಬಿಟ್ಟುಬಿಡಿ. ಅವುಗಳಿಂದ ಯಾವ ಶಕ್ತಿಯೂ ಬರುವುದಿಲ್ಲ. ಬೆಟ್ಟ ಹತ್ತಿದ ಮೇಲೆ ಸುಮ್ನೆ ಖುಷಿಗೆ ಹುಡುಕಬಹುದು. ಒಂದೇ ಪರದೆಯಲ್ಲಿ ಸಿಕ್ಕಿಕೊಂಡು ಗೇಮನ್ನೇ ಬಿಟ್ಟವರಿದ್ದರೆ, ಅಸಿಸ್ಟ್ ಮೋಡ್‌ನಲ್ಲಿ ವೇಗ ಕಡಿಮೆ ಮಾಡಿಕೊಂಡು ಮತ್ತೆ ಶುರು ಮಾಡಿ. ಕೊನೆಯವರೆಗೆ ಹೋಗಲೇಬೇಕಾದ ಕಥೆ ಅದು.

ರೇಸಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2021ರ 'ಫೋರ್ಜಾ ಹೊರೈಜನ್ 5' ಮೆಕ್ಸಿಕೋದಲ್ಲಿ ನಡೆಯುತ್ತದೆ, ನೋಡಲು ಬಲು ಚೆಂದ. ತಿರುವಿನಲ್ಲಿ ಗುದ್ದಿದರೆ ಒಂದು ಬಟನ್ ಒತ್ತಿ ಕೆಲವು ಸೆಕೆಂಡ್ ಹಿಂದಕ್ಕೆ ಹೋಗಬಹುದು. ನಾನು ಆ ರಿವೈಂಡನ್ನು ಸೆಟ್ಟಿಂಗ್‌ನಲ್ಲಿ ಆಫ್ ಮಾಡಿಟ್ಟೆ. ದಾರಿ ತೋರಿಸುವ ಗೆರೆಯನ್ನೂ ಬ್ರೇಕ್ ಹಾಕುವ ಕಡೆ ಮಾತ್ರ ಕಾಣುವಂತೆ ಇಟ್ಟುಕೊಂಡೆ. ಆಮೇಲೆ ಬ್ರೇಕ್ ತಿರುವಿನೊಳಗಲ್ಲ, ತಿರುವಿಗೆ ಮುಂಚೆ ಬೀಳತೊಡಗಿತು. 2022ರ 'ಗ್ರಾನ್ ಟುರಿಸ್ಮೋ 7'ರ ಲೈಸೆನ್ಸ್ ಪರೀಕ್ಷೆಗಳು ಇದನ್ನೇ ಇನ್ನೂ ಶಿಸ್ತಾಗಿ ಕಲಿಸುತ್ತವೆ. ಒಂದು ಸಣ್ಣ ತುಂಡು ರಸ್ತೆ, ಅದನ್ನೇ ಮತ್ತೆ ಮತ್ತೆ. ಕಾರಿನ ಭಾರ ಮುಂದಿನ ಚಕ್ರಗಳ ಮೇಲೆ ಬರುವುದು ಕಂಟ್ರೋಲರ್ ಹಿಡಿದ ಕೈಗೇ ಗೊತ್ತಾಗತೊಡಗುತ್ತದೆ.

ಈಗ 'ಔಟರ್ ವೈಲ್ಡ್ಸ್'. 2019ರ ಗೇಮ್, ಮೋಬಿಯಸ್ ಡಿಜಿಟಲ್‌ನವರದು. ಪುಟ್ಟ ಸೌರಮಂಡಲ, ಅದರಲ್ಲಿ ಒಂದು ಹಡಗು, ನಾವು. 22 ನಿಮಿಷಕ್ಕೆ ಸೂರ್ಯ ಸ್ಫೋಟಿಸುತ್ತಾನೆ. ಎಲ್ಲ ಸುಟ್ಟುಹೋಗಿ, ಹೊರಟ ಜಾಗದಲ್ಲೇ ಮತ್ತೆ ಕಣ್ಣು ಬಿಡುತ್ತೇವೆ. ಆಯುಧ ಇಲ್ಲ, ಲೆವೆಲ್ ಇಲ್ಲ, ಬೀಗಕ್ಕೆ ಬೇಕಾದ ಕೀಲಿ ಕೂಡ ಇಲ್ಲ. ತಿಳಿದುಕೊಂಡಿದ್ದು ಮಾತ್ರ ಮುಂದಿನ ಸುತ್ತಿಗೆ ಬರುತ್ತದೆ. ಕೊನೆಯ ಜಾಗಕ್ಕೆ ಮೊದಲ ಸುತ್ತಿನಲ್ಲೇ ಹೋಗಬಹುದು, ಹೇಗೆ ಅನ್ನುವುದು ಗೊತ್ತಿದ್ದರೆ. ಗೊತ್ತಿರುವುದಿಲ್ಲ, ಅದೇ ಆಟ.

ಎಂಬರ್ ಟ್ವಿನ್ ಮತ್ತು ಆ್ಯಶ್ ಟ್ವಿನ್ ಅಂತ ಎರಡು ಗ್ರಹ ಒಂದನ್ನೊಂದು ಸುತ್ತುತ್ತವೆ. ಸುತ್ತು ಶುರುವಾದಾಗ ಆ್ಯಶ್ ಟ್ವಿನ್ ಪೂರ್ತಿ ಮರಳು. ಆ ಮರಳು ಕಂಬದಂತೆ ಆಕಾಶದಲ್ಲೇ ಹರಿದು ಎಂಬರ್ ಟ್ವಿನ್ ಮೇಲೆ ಸುರಿಯುತ್ತದೆ. ನಿಮಿಷಗಳು ಕಳೆದಂತೆ ಇಲ್ಲಿನ ಗುಹೆಗಳು ತುಂಬುತ್ತವೆ, ಅಲ್ಲಿ ಹೂತಿದ್ದ ಗೋಪುರಗಳು ಹೊರಬರುತ್ತವೆ. ಗುಹೆಯೊಳಗೆ ಗೋಡೆಯ ಬರಹ ಓದುತ್ತಾ ನಿಂತಾಗ ಕಾಲ ಕೆಳಗೆ ಮರಳು ಏರುವ ಸದ್ದು ಕೇಳುತ್ತದೆ. ಇನ್ನೊಂದು ಸಾಲು ಓದಲೇ, ಓಡಲೇ? ಇಷ್ಟು ಕಾಡಿದ ಗಡಿಯಾರ ಬೇರೆ ಯಾವ ಗೇಮಿನಲ್ಲೂ ನನಗೆ ಸಿಕ್ಕಿಲ್ಲ, ಮತ್ತದು ಪರದೆಯ ಮೇಲಿನ ಅಂಕಿಯಲ್ಲ, ಇಡೀ ಒಂದು ಗ್ರಹ.

ನನ್ನ ಪದ್ಧತಿ ಹೀಗಿತ್ತು: ಒಂದು ಸುತ್ತಿಗೆ ಒಂದೇ ಪ್ರಶ್ನೆ. ಹೊರಡುವ ಮೊದಲು ಹಡಗಿನ ಕಂಪ್ಯೂಟರ್ ತೆರೆದು, ಇನ್ನೂ ನೋಡುವುದು ಬಾಕಿ ಅಂತ ತೋರಿಸುವ ಒಂದು ಜಾಗ ಆರಿಸಿಕೊಳ್ಳುತ್ತಿದ್ದೆ. ಯಾವ ಜಾಗ ಎಷ್ಟನೇ ನಿಮಿಷದಲ್ಲಿ ತೆರೆದಿರುತ್ತದೆ, ಯಾವಾಗ ಮುಚ್ಚುತ್ತದೆ ಅಂತ ಕಾಗದದಲ್ಲಿ ಬರೆದಿಟ್ಟೆ. ಈ ಗೇಮಿಗೆ ಇಂಟರ್‌ನೆಟ್‌ನಲ್ಲಿ ಉತ್ತರ ಹುಡುಕಬೇಡಿ, ದಯವಿಟ್ಟು. ಬೇರೆ ಗೇಮಿನಲ್ಲಿ ಉತ್ತರ ನೋಡಿದರೆ ಒಂದು ಒಗಟು ಹೋಗುತ್ತದೆ. ಇಲ್ಲಿ ನೋಡಿದರೆ ಗೇಮೇ ಹೋಗುತ್ತದೆ.

'ರಿಟರ್ನ್ ಆಫ್ ದ ಓಬ್ರಾ ಡಿನ್' ಕೂಡ ತಿಳಿವಿನ ಮೇಲೇ ನಿಂತದ್ದು, ಆದರೆ ಕಾಯುತ್ತದೆ. ಲ್ಯೂಕಸ್ ಪೋಪ್ 2018ರಲ್ಲಿ ತಂದ ಗೇಮ್. 1807ರಲ್ಲಿ ಖಾಲಿ ಹಡಗೊಂದು ದಡಕ್ಕೆ ಬರುತ್ತದೆ. ಅದರಲ್ಲಿದ್ದ 60 ಜನರಿಗೆ ಏನಾಯಿತು ಅಂತ ಈಸ್ಟ್ ಇಂಡಿಯಾ ಕಂಪನಿಯ ವಿಮಾ ಇನ್‌ಸ್ಪೆಕ್ಟರ್ ಆಗಿ ಪತ್ತೆ ಮಾಡಬೇಕು. ಹೆಣದ ಹತ್ತಿರ ಗಡಿಯಾರ ತೆರೆದರೆ ಅವರು ಸತ್ತ ಕ್ಷಣ ಚಿತ್ರದಂತೆ ನಿಂತುಬಿಡುತ್ತದೆ, ನಾವು ಅದರೊಳಗೆ ಓಡಾಡಬಹುದು. ಹೆಸರು ಮತ್ತು ಸಾವಿನ ಬಗೆ ಬರೆದರೆ ಕೂಡಲೇ ಸರಿ-ತಪ್ಪು ಹೇಳುವುದಿಲ್ಲ. ಮೂರು ಜನರದ್ದು ಸರಿಯಾದಾಗ ಮಾತ್ರ ಖಚಿತ ಮಾಡುತ್ತದೆ. ಸುಮ್ನೆ ಊಹಿಸಿ ದಾಟುವವರಿಗೆ ಇದು ಒಳ್ಳೆಯ ತಡೆ. ನಾನು ಸಾಯುವವರನ್ನು ಬಿಟ್ಟು ಹಿಂದೆ ನಿಂತವರನ್ನು ನೋಡುತ್ತಾ ಹೋದೆ. ಯಾರು ಯಾರ ಪಕ್ಕ ನಿಲ್ಲುತ್ತಾರೆ, ಯಾರು ಯಾವ ಭಾಷೆ ಆಡುತ್ತಾರೆ, ಯಾವ ತೂಗುಹಾಸಿಗೆಗೆ ಯಾವ ನಂಬರ್. ಇಷ್ಟಕ್ಕೇ ನಿಲ್ಲಿಸುತ್ತೇನೆ.

ನಡುನಡುವೆ 'ಸ್ಟಾರ್‌ಡ್ಯೂ ವ್ಯಾಲಿ' ಆಡಿದೆ. ಎರಿಕ್ ಬರೋನ್ ಒಬ್ಬನೇ ಕೂತು ಮಾಡಿದ ಬೇಸಾಯದ ಗೇಮ್, 2016ರದ್ದು. ಸೋಲುವುದು ಅಂತಲೇ ಇಲ್ಲ. ಒಂದು ಋತುವಿಗೆ 28 ದಿನ, ರಾತ್ರಿ 2ಕ್ಕೆ ಮಲಗದಿದ್ದರೆ ಬಿದ್ದುಬಿಡುತ್ತೇವೆ. ಎಲ್ಲರೂ ಇದನ್ನು ಆರಾಮದ ಗೇಮ್ ಅನ್ನುತ್ತಾರೆ. ನನಗೆ ಮಾತ್ರ ಅಷ್ಟು ಹಿಡಿಸಲಿಲ್ಲ. ಮಲಗಿದಾಗಲೇ ಸೇವ್ ಆಗುವುದರಿಂದ ಇನ್ನೊಂದು ದಿನ, ಇನ್ನೊಂದು ದಿನ ಅಂತ ಹೊತ್ತು ಹೋಗುತ್ತದೆ. ಆದರೆ ಎದ್ದು ಬಂದ ಮೇಲೆ ಆ ಆಟದ ಬಗ್ಗೆ ಯೋಚಿಸುತ್ತಾ ಕೂರುವಂಥದ್ದು ನನಗೇನೂ ಸಿಗಲಿಲ್ಲ.

'ಡಿಸ್ಕೋ ಎಲಿಸಿಯಮ್' ಹಾಗಲ್ಲ. ನೆನಪೆಲ್ಲ ಕಳೆದುಕೊಂಡ ಪತ್ತೇದಾರನ ಕಥೆ, 2019ರದ್ದು. ಕಾಳಗದ ಪದ್ಧತಿಯೇ ಇಲ್ಲ, ಎಲ್ಲ ಮಾತು. ಅವನ ತಲೆಯೊಳಗಿನ 24 ಕೌಶಲಗಳು ತಮ್ಮತಮ್ಮಲ್ಲೇ ವಾದ ಮಾಡುತ್ತವೆ. ಏನೇ ಕಷ್ಟದ ಕೆಲಸಕ್ಕೂ ಎರಡು ದಾಳ ಉರುಳುತ್ತವೆ. ಫ್ಯಾನಿಗೆ ಸಿಕ್ಕಿದ ಟೈ ತೆಗೆಯುವುದಕ್ಕೂ! ಈ ದಾಳದ ಪರೀಕ್ಷೆಗೆ ಚೆಕ್ ಅನ್ನುತ್ತಾರೆ. ಬಿಳಿ ಚೆಕ್ ಆದರೆ ಕೌಶಲ ಹೆಚ್ಚಿಸಿಕೊಂಡು ಮತ್ತೆ ಪ್ರಯತ್ನಿಸಬಹುದು. ಕೆಂಪು ಚೆಕ್ ಒಂದೇ ಸಲ. ಕೆಂಪಿನಲ್ಲಿ ಸೋತಾಗ ಹಳೆಯ ಸೇವ್‌ಗೆ ಓಡುವ ಆಸೆ ಎಲ್ಲರಿಗೂ ಬರುತ್ತದೆ. ನಾನು ಓಡಲಿಲ್ಲ, ನೀವೂ ಓಡಬೇಡಿ. ಸೋತ ದಾರಿಗೂ ಗೆದ್ದ ದಾರಿಯಷ್ಟೇ ಆಸ್ಥೆಯಿಂದ ಮಾತು ಬರೆದಿದ್ದಾರೆ. ಪತ್ತೇದಾರ ಮುಖಭಂಗವಾಗಿ ನಿಂತಾಗ ಜೊತೆಗಾರ ಕಿಮ್ ಕಿಟ್ಸುರಾಗಿ ಆಡುವ ಒಂದೆರಡು ಅಳೆದ ಮಾತುಗಳಿಂದಲೇ ನನಗೆ ಕಿಮ್ ಯಾರು ಅಂತ ಅರ್ಥವಾಗಿದ್ದು.

ಈಗ ಇದನ್ನೇ ಇನ್ನೊಮ್ಮೆ ಶುರು ಮಾಡಿದ್ದೇನೆ. ಆರಂಭದಲ್ಲಿ ಬುದ್ಧಿ, ಮನಸ್ಸು, ದೇಹ, ಚುರುಕು ಈ ನಾಲ್ಕಕ್ಕೆ ಒಟ್ಟು 12 ಅಂಕ ಹಂಚಬೇಕು. ಹೋದ ಸಲ ಬುದ್ಧಿಗೆ ಸುರಿದಿದ್ದೆ. ಈ ಸಲ ಬುದ್ಧಿಗೆ 1, ದೇಹಕ್ಕೆ 6. ಅದೇ ಕೋಣೆ, ಅದೇ ಟೈ, ಆದರೆ ತಲೆಯೊಳಗೆ ಮಾತಾಡುವವರೇ ಬೇರೆ.