ಪೊಲೀಸ್ ಇಲಾಖೆಯ ಹಳೆಯ ಗಾಡಿ: ಸವಾಲು ಕೂಗುವ ಮೊದಲು ನೋಡಬೇಕಾದದ್ದು

ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಮೈದಾನದಲ್ಲಿ ಇಲಾಖೆಯ ಅನುಪಯುಕ್ತ ವಾಹನಗಳನ್ನು ಬಹಿರಂಗ ಹರಾಜು ಮಾಡಲಾಗುವುದು ಎಂಬ ನಾಲ್ಕು ಸಾಲಿನ ಪ್ರಕಟಣೆ ಪತ್ರಿಕೆಯ ಜಿಲ್ಲಾ ಪುಟದ ಮೂಲೆಯಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ. ಬೊಲೆರೊ, ಸುಮೊ, ಜಿಪ್ಸಿ, ಇನ್ನೋವಾ ಎಂಬ ಹೆಸರುಗಳನ್ನು ಓದಿದವರಿಗೆ ಸಹಜವಾಗಿಯೇ ಆಸೆ ಹುಟ್ಟುತ್ತದೆ. ಸರ್ಕಾರಿ ಗಾಡಿಯಾದ್ದರಿಂದ ಹೊತ್ತುಹೊತ್ತಿಗೆ ಸರ್ವಿಸ್ ಆಗಿರುತ್ತದೆ, ಮೀಟರ್ ತಿರುಗಿಸಿರುವುದಿಲ್ಲ, ಬೆಲೆಯೂ ಕಡಿಮೆ ಎಂಬ ಲೆಕ್ಕಾಚಾರ ಅದರ ಹಿಂದಿರುತ್ತದೆ. ಈ ಲೆಕ್ಕಾಚಾರ ಪೂರ್ತಿ ತಪ್ಪಲ್ಲ. ಆದರೆ ಅಂಥ ಗಾಡಿ ಕೊಳ್ಳುವುದು ಎಲ್ಲರಿಗೂ ಒಪ್ಪುವ ವ್ಯವಹಾರವೂ ಅಲ್ಲ. ಕೊಳ್ಳಬಹುದೇ ಬೇಡವೇ ಎಂಬುದನ್ನು ಮೊದಲು ತೀರ್ಮಾನಿಸುವುದು ನೋಂದಣಿ ಪತ್ರದಲ್ಲಿರುವ ದಿನಾಂಕ. ಎಂಜಿನ್ನಿನ ಮಾತು ಆಮೇಲಿನದು. ಆದ್ದರಿಂದ ಈ ಲೇಖನವೂ ಕಾಗದಪತ್ರದಿಂದಲೇ ಆರಂಭವಾಗುತ್ತದೆ.

ಯಾವ ಹರಾಜು ಎಂಬುದನ್ನು ಮೊದಲು ತಿಳಿಯಿರಿ

ಪೊಲೀಸರು ನಡೆಸುವ ಹರಾಜಿನಲ್ಲಿ ಎರಡು ಬಗೆಗಳಿವೆ. ಒಂದು, ಇಲಾಖೆಯೇ ಕೊಂಡು ಓಡಿಸಿ, ಇನ್ನು ಸೇವೆಗೆ ಯೋಗ್ಯವಲ್ಲವೆಂದು ಕೈಬಿಟ್ಟ, ಜನ ‘ಕಂಡೆಮ್ ಆದ ಗಾಡಿ’ ಎನ್ನುವ ವಾಹನಗಳ ಹರಾಜು. ಇನ್ನೊಂದು, ಪ್ರಕರಣಗಳಲ್ಲಿ ಜಪ್ತಿಯಾಗಿ ಅಥವಾ ವಾರಸುದಾರರಿಲ್ಲದೆ ಠಾಣೆಯ ಆವರಣದಲ್ಲಿ ನಿಂತಿದ್ದ ವಾಹನಗಳ ಹರಾಜು. ಪ್ರಕಟಣೆಯನ್ನು ಅವಸರದಲ್ಲಿ ಓದಿದವರು ಇವೆರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಎರಡನೆಯ ಬಗೆಯಲ್ಲಿ ಅನೇಕ ವಾಹನಗಳಿಗೆ ನೋಂದಣಿ ಪತ್ರವೇ ಇರುವುದಿಲ್ಲ, ವರ್ಷಗಟ್ಟಲೆ ಬಿಸಿಲು ಮಳೆಯಲ್ಲಿ ನಿಂತು ಅವು ತುಕ್ಕು ಹಿಡಿದಿರುತ್ತವೆ. ವಶಪಡಿಸಿಕೊಂಡ ವಾಹನಗಳನ್ನು ಠಾಣೆಗಳಲ್ಲಿ ದೀರ್ಘಕಾಲ ಕೊಳೆಯಲು ಬಿಡಬಾರದೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದ್ದರೂ, ಆ ಸಾಲುಸಾಲು ತುಕ್ಕಿನ ನೋಟ ನಮ್ಮ ಊರುಗಳಿಂದ ಇನ್ನೂ ಮರೆಯಾಗಿಲ್ಲ. ಈ ಲೇಖನ ಮೊದಲನೆಯ ಬಗೆಯನ್ನು ಕುರಿತದ್ದು.

ಪ್ರಕಟಣೆಯಲ್ಲಿ ಇನ್ನೊಂದು ಮಾತನ್ನೂ ಹುಡುಕಬೇಕು. ವಾಹನವನ್ನು ಓಡಿಸುವುದಕ್ಕಾಗಿ ಮಾರುತ್ತಿದ್ದಾರೆಯೇ, ಗುಜರಿಗಾಗಿ ಮಾರುತ್ತಿದ್ದಾರೆಯೇ? ‘ಸ್ಕ್ರ್ಯಾಪ್’ ಎಂದು ನಮೂದಿಸಿ ಮಾರಿದ ವಾಹನವನ್ನು ಎಷ್ಟೇ ಚೆನ್ನಾಗಿ ದುರಸ್ತಿ ಮಾಡಿಸಿದರೂ ನಿಮ್ಮ ಹೆಸರಿಗೆ ನೋಂದಾಯಿಸಿಕೊಂಡು ರಸ್ತೆಗೆ ಇಳಿಸಲಾಗದು. ಕೆಲವು ಹರಾಜುಗಳಲ್ಲಿ ನೋಂದಾಯಿತ ವಾಹನ ಗುಜರಿ ಕೇಂದ್ರಗಳಿಗೆ ಮಾತ್ರ ಪ್ರವೇಶವಿರುತ್ತದೆ. ಅಲ್ಲಿ ಸಾಮಾನ್ಯ ಖರೀದಿದಾರರಿಗೆ ಕೆಲಸವಿಲ್ಲ.

ಹದಿನೈದು ವರ್ಷದ ಗೆರೆ

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2023ರ ಜನವರಿಯಲ್ಲಿ ಹೊರಡಿಸಿದ ಅಧಿಸೂಚನೆಯು ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 52ಎ ಎಂಬ ಹೊಸ ನಿಯಮವನ್ನು ಸೇರಿಸಿತು. ಅದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಕೇಂದ್ರ, ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳ ಒಡೆತನದ ವಾಹನಗಳಿಗೆ ಮೊದಲ ನೋಂದಣಿಯಿಂದ 15 ವರ್ಷ ತುಂಬಿದ ಮೇಲೆ ನೋಂದಣಿಯ ನವೀಕರಣವಿಲ್ಲ; ಅದಕ್ಕೂ ಮೊದಲೇ ನವೀಕರಿಸಿದ್ದರೆ ಆ ನೋಂದಣಿಯೂ 15 ವರ್ಷಕ್ಕೆ ರದ್ದಾದಂತೆಯೇ. ದೇಶದ ರಕ್ಷಣೆ, ಕಾನೂನು ಸುವ್ಯವಸ್ಥೆ ಮತ್ತು ಆಂತರಿಕ ಭದ್ರತೆಗಾಗಿ ಬಳಸುವ ಶಸ್ತ್ರಸಜ್ಜಿತ ಹಾಗೂ ಇತರ ವಿಶೇಷ ವಾಹನಗಳಿಗೆ ವಿನಾಯಿತಿ ಇದೆ. ಠಾಣೆಯ ಸಾಮಾನ್ಯ ಜೀಪು ಆ ಗುಂಪಿಗೆ ಸೇರುತ್ತದೆಂದು ಭಾವಿಸಿ ಹಣ ಹೂಡಬಾರದು.

ಈ ನಿಯಮ ಬಂದ ಮೇಲೆ ನಿವೃತ್ತ ಪೊಲೀಸ್ ವಾಹನದ ಅರ್ಥವೇ ಬದಲಾಗಿದೆ. ಹದಿನೆಂಟು ವರ್ಷದ ಜೀಪನ್ನು ಹರಾಜಿನಲ್ಲಿ ಹಿಡಿದು, ಮೆಕ್ಯಾನಿಕ್ ಕೈಗೆ ಕೊಟ್ಟು, ಮತ್ತೆ ಹತ್ತು ವರ್ಷ ತೋಟದಲ್ಲಿ ಓಡಿಸುತ್ತಿದ್ದ ಕಾಲ ಮುಗಿಯಿತು. ಈಗ ಕೊಳ್ಳಬಹುದಾದದ್ದು 15 ವರ್ಷ ತುಂಬುವ ಮೊದಲೇ ಇಲಾಖೆ ಕೈಬಿಟ್ಟ ವಾಹನವನ್ನು ಮಾತ್ರ. ಅಂಥ ವಾಹನ ಕ್ರಮಬದ್ಧವಾಗಿ ಖಾಸಗಿ ಹೆಸರಿಗೆ ವರ್ಗವಾದರೆ, ಅಲ್ಲಿಂದ ಮುಂದೆ ಅದಕ್ಕೆ ಖಾಸಗಿ ವಾಹನದ ನಿಯಮಗಳು ಅನ್ವಯಿಸುತ್ತವೆ. 2013ರ ಜೂನ್‌ನಲ್ಲಿ ನೋಂದಣಿಯಾದ ಒಂದು ಬೊಲೆರೊ ಇದೆಯೆನ್ನಿ. 2028ರ ಜೂನ್‌ವರೆಗೆ ಅದರ ನೋಂದಣಿಗೆ ಜೀವವಿದೆ. ಅಷ್ಟರೊಳಗೆ ಅದು ನಿಮ್ಮ ಹೆಸರಿಗೆ ಬಂದಿದ್ದರೆ, ಆಮೇಲೆ ಸುಸ್ಥಿತಿಯ ತಪಾಸಣೆಯಲ್ಲಿ ತೇರ್ಗಡೆಯಾಗಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳುವ ಅವಕಾಶವಿರುತ್ತದೆ. ನವೀಕರಣವೂ ಅಗ್ಗವಲ್ಲ: 2022ರ ಏಪ್ರಿಲ್‌ನಿಂದ ಲಘು ವಾಹನಕ್ಕೆ ಶುಲ್ಕವೇ 5,000 ರೂಪಾಯಿ, ಹಳೆಯ ವಾಹನಗಳ ಮೇಲಿನ ಹಸಿರು ತೆರಿಗೆ ಬೇರೆ. 20 ವರ್ಷ ದಾಟಿದ ಲಘು ವಾಹನಕ್ಕೆ ಆ ಶುಲ್ಕವನ್ನು 2025ರಲ್ಲಿ 10,000 ರೂಪಾಯಿಗೆ ಏರಿಸಲಾಗಿದೆ.

ನನ್ನ ಅಭಿಪ್ರಾಯದಲ್ಲಿ, 15 ವರ್ಷಕ್ಕೆ ಕನಿಷ್ಠ ಎರಡು ವರ್ಷವಾದರೂ ಬಾಕಿ ಇಲ್ಲದ ವಾಹನಕ್ಕೆ ಸವಾಲು ಕೂಗಲೇಬಾರದು. ಹರಾಜಿನ ಮಂಜೂರಾತಿ, ಹಣ ಪಾವತಿ, ಆದೇಶದ ಪ್ರತಿ, ಸಾರಿಗೆ ಕಚೇರಿಯ ಪರಿಶೀಲನೆ ಹೀಗೆ ಒಂದೊಂದೂ ವಾರಗಳನ್ನು ನುಂಗುತ್ತವೆ. ಗಡುವಿನ ಹೊಸ್ತಿಲಲ್ಲಿರುವ ಗಾಡಿಯನ್ನು ಕೊಂಡವರು ಕಾಗದ ಕೈಗೆ ಬರುವ ಹೊತ್ತಿಗೆ ಗುಜರಿಯ ಒಡೆಯರಾಗಿರುವ ಸಂಭವವಿದೆ.

ಪ್ರಕಟಣೆಯಲ್ಲಿರುವ ನೋಂದಣಿ ಸಂಖ್ಯೆಯನ್ನು ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿದರೆ ನೋಂದಣಿಯ ದಿನಾಂಕ, ಇಂಧನ, ನೋಂದಣಿಯ ಸ್ಥಿತಿ ತಿಳಿಯುತ್ತವೆ. ಬಾಕಿ ಇರುವ ಇ-ಚಲನ್‌ಗಳನ್ನೂ ಆಗಲೇ ನೋಡಿಕೊಳ್ಳಿ. ಈ ಐದು ನಿಮಿಷದ ಕೆಲಸವನ್ನು ಮನೆಯಲ್ಲೇ ಮುಗಿಸಿದರೆ ಪಟ್ಟಿಯ ಬಹುಪಾಲು ವಾಹನಗಳು ಅಲ್ಲೇ ಬಿದ್ದುಹೋಗಬಹುದು.

ಗಾಡಿಯನ್ನು ನೋಡುವ ದಿನ

ಹರಾಜಿಗೆ ಮೊದಲು ವಾಹನಗಳನ್ನು ನೋಡಲು ದಿನ ನಿಗದಿಯಾಗಿರುತ್ತದೆ. ಆ ದಿನ ಒಬ್ಬರೇ ಹೋಗಬೇಡಿ; ಅದೇ ಮಾದರಿಯ ಗಾಡಿಗಳಲ್ಲಿ ಕೈ ಪಳಗಿದ ಮೆಕ್ಯಾನಿಕ್ ಒಬ್ಬರಿಗೆ ಅರ್ಧ ದಿನದ ಕೂಲಿ ಕೊಟ್ಟು ಕರೆದೊಯ್ಯಿರಿ. ಓಡಿಸಿ ನೋಡಲು ಸಾಮಾನ್ಯವಾಗಿ ಬಿಡುವುದಿಲ್ಲ. ಬ್ಯಾಟರಿ ಇಲ್ಲದ, ಟೈರಿನ ಗಾಳಿ ಇಳಿದ, ಸ್ಟೆಪ್ನಿ ಮತ್ತು ಜಾಕ್ ಇಲ್ಲದ ಗಾಡಿಗಳೇ ಹೆಚ್ಚು. ಅಧಿಕಾರಿಗಳ ಅನುಮತಿ ಪಡೆದು ನಿಮ್ಮದೇ ಬ್ಯಾಟರಿ ಜೋಡಿಸಿ ಎಂಜಿನ್ ಸ್ಟಾರ್ಟ್ ಮಾಡಿ ನೋಡಲು ಸಾಧ್ಯವಾದರೆ ಅದು ದೊಡ್ಡ ಲಾಭ.

ಪೊಲೀಸ್ ಗಾಡಿಯ ಮೀಟರ್ ಸುಳ್ಳು ಹೇಳದಿದ್ದರೂ ಪೂರ್ತಿ ಸತ್ಯವನ್ನೂ ಹೇಳುವುದಿಲ್ಲ. ಗಸ್ತಿನ ವಾಹನ ನಿಂತಲ್ಲೇ ಎಂಜಿನ್ ಓಡಿಸಿಕೊಂಡು ಗಂಟೆಗಟ್ಟಲೆ ಕಳೆಯುತ್ತದೆ. ಬಂದೋಬಸ್ತು, ನಾಕಾಬಂದಿ, ಜಾತ್ರೆ, ಮೆರವಣಿಗೆ ಇದ್ದಾಗ ವೈರ್‌ಲೆಸ್ ಸೆಟ್ಟಿಗಾಗಿ, ದೀಪಕ್ಕಾಗಿ, ಎ.ಸಿ.ಗಾಗಿ ಎಂಜಿನ್ ಆರುವುದೇ ಇಲ್ಲ. ಚಕ್ರ ತಿರುಗದಿದ್ದರೆ ಕಿಲೋಮೀಟರ್ ಏರದು, ಎಂಜಿನ್ ಮಾತ್ರ ಸವೆಯುತ್ತಲೇ ಇರುತ್ತದೆ. ಅಮೆರಿಕದಲ್ಲಿ ಪೊಲೀಸರಿಗಾಗಿಯೇ ಕಾರು ತಯಾರಿಸುವ ಫೋರ್ಡ್ ಸಂಸ್ಥೆ, ಎಂಜಿನ್ ಒಂದು ಗಂಟೆ ನಿಂತಲ್ಲೇ ಓಡಿದರೆ ಅದನ್ನು ಸುಮಾರು 33 ಮೈಲಿ, ಅಂದರೆ 53 ಕಿಲೋಮೀಟರ್ ಓಟಕ್ಕೆ ಸಮವೆಂದು ಲೆಕ್ಕ ಹಿಡಿಯುತ್ತದೆ. ಅಲ್ಲಿನ ಗಾಡಿಗಳಲ್ಲಿ ಎಂಜಿನ್ ಓಡಿದ ಗಂಟೆಗಳನ್ನು ತೋರಿಸುವ ವ್ಯವಸ್ಥೆಯೂ ಇದೆ. ಆ ಅಂಕಿ ನಮ್ಮ ಡೀಸೆಲ್ ಗಾಡಿಗಳಿಗೆ ಯಥಾವತ್ತಾಗಿ ಹೊಂದದಿರಬಹುದು. ಆದರೂ ಒಂದು ಅಂದಾಜಿಗೆ, ದಿನಕ್ಕೆ ಮೂರು ಗಂಟೆಯಂತೆ ವರ್ಷದಲ್ಲಿ 300 ದಿನ ಹೀಗೆ ನಿಂತ ಗಾಡಿಯ ಎಂಜಿನ್ ಆ ಲೆಕ್ಕದಲ್ಲಿ ಮೀಟರಿಗೆ ಕಾಣದ 47,000ಕ್ಕೂ ಹೆಚ್ಚು ಕಿಲೋಮೀಟರ್ ಓಡಿದಂತಾಯಿತು. ಇದು ಒಂದೇ ವರ್ಷದ ಮಾತು.

ಅಮೆರಿಕದ ಪ್ರಸ್ತಾಪ ಬಂದದ್ದರಿಂದ, ಪೊಲೀಸ್ ಗಾಡಿಯೆಂದರೆ ಸಾಮಾನ್ಯ ಗಾಡಿಗಿಂತ ಗಟ್ಟಿ ಎಂಬ ತಪ್ಪು ತಿಳಿವಳಿಕೆಯನ್ನೂ ಇಲ್ಲಿ ಸರಿಪಡಿಸಬೇಕಾಗಿದೆ. ಅಲ್ಲಿನ ಹಳೆಯ ಪೊಲೀಸ್ ಕಾರುಗಳಿಗೆ ಬೇಡಿಕೆ ಇರುವುದಕ್ಕೆ ಕಾರಣವಿದೆ. 2011ರಲ್ಲಿ ತಯಾರಿಕೆ ನಿಂತ ಫೋರ್ಡ್ ಕ್ರೌನ್ ವಿಕ್ಟೋರಿಯಾದ ಪೊಲೀಸ್ ಮಾದರಿಗೆ ಕಾರ್ಖಾನೆಯಲ್ಲೇ ಗಟ್ಟಿ ಸಸ್ಪೆನ್ಷನ್, ಎಂಜಿನ್ ಆಯಿಲ್ ತಂಪಾಗಿಸುವ ಕೂಲರ್, ವಿದ್ಯುತ್ ಒದಗಿಸುವ ಹೆಚ್ಚು ಸಾಮರ್ಥ್ಯದ ಆಲ್ಟರ್ನೇಟರ್ ಅಳವಡಿಸುತ್ತಿದ್ದರು. ನಮ್ಮ ಠಾಣೆಯ ಬೊಲೆರೊ, ಗಸ್ತಿನ ಎರ್ಟಿಗಾ ಬಹುಮಟ್ಟಿಗೆ ಶೋರೂಮಿನಲ್ಲಿ ಎಲ್ಲರಿಗೂ ಸಿಗುವ ಗಾಡಿಗಳೇ. ಮೇಲೆ ದೀಪ, ಒಳಗೆ ವೈರ್‌ಲೆಸ್ ಸೇರಿಸಿರುತ್ತಾರೆ. ಸಾಮಾನ್ಯ ಗಾಡಿ ಅಸಾಮಾನ್ಯ ದುಡಿಮೆ ಮಾಡಿದೆಯೆಂದೇ ಎಣಿಸಿ ಪರೀಕ್ಷಿಸಬೇಕು.

ಎಂಜಿನ್ ಸ್ಟಾರ್ಟ್ ಆದರೆ ಆಯಿಲ್ ಮುಚ್ಚಳ ತೆಗೆದು ನೋಡಿ. ಅಲ್ಲಿಂದ ಹೊಗೆ ಒತ್ತಿಕೊಂಡು ಬರುತ್ತಿದ್ದರೆ ಪಿಸ್ಟನ್ ರಿಂಗುಗಳು ಸವೆದಿರುವ ಸಾಧ್ಯತೆ ಹೆಚ್ಚು, ಅಂದರೆ ಎಂಜಿನ್ ಬಿಚ್ಚುವ ಕೆಲಸ ಹತ್ತಿರದಲ್ಲಿದೆ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ. ಬಾನೆಟ್ ಕೆಳಗೆ ಮತ್ತು ಡ್ಯಾಶ್‌ಬೋರ್ಡಿನ ಹಿಂದೆ ವೈರಿಂಗನ್ನು ತಾಳ್ಮೆಯಿಂದ ನೋಡಿ. ಸೈರನ್, ದೀಪ, ವೈರ್‌ಲೆಸ್‌ಗಳನ್ನು ಬಿಚ್ಚುವಾಗ ತಂತಿಗಳನ್ನು ಕತ್ತರಿಸಿ ಹಾಗೇ ಬಿಟ್ಟಿರುವುದುಂಟು. ಇಲಿ ಕಡಿದ ತಂತಿಗಳೂ ಸೇರಿದರೆ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಹತ್ತುವ ಅಪಾಯವಿದೆ. ದೀಪದ ಕಂಬಿ ಮತ್ತು ಆಂಟೆನಾಕ್ಕಾಗಿ ಚಾವಣಿಯಲ್ಲಿ ಕೊರೆದ ತೂತುಗಳಿಂದ ಮಳೆನೀರು ಒಳಗಿಳಿದಿರುತ್ತದೆ. ಆದ್ದರಿಂದ ಮ್ಯಾಟುಗಳನ್ನು ಎತ್ತಿ ತಳದ ತಗಡನ್ನು ಬೆರಳಿನಿಂದ ಒತ್ತಿ ನೋಡಿ. ಕರಾವಳಿ ಮತ್ತು ಮಲೆನಾಡಿನಲ್ಲಿ ದುಡಿದ ಗಾಡಿಗಳಲ್ಲಿ ತುಕ್ಕು ಚಾಸಿಸ್‌ವರೆಗೂ ಹೋಗಿರಬಹುದು. ಅಂಥದ್ದನ್ನು ಬಿಟ್ಟುಬಿಡುವುದೇ ಲೇಸು, ಎಂಜಿನ್ ಎಷ್ಟೇ ಚೆನ್ನಾಗಿರಲಿ.

ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳು ನೋಂದಣಿ ಪತ್ರಕ್ಕೆ ತಾಳೆಯಾಗುತ್ತವೆಯೇ ಎಂಬುದನ್ನು ಆ ದಿನವೇ ಖಚಿತಪಡಿಸಿಕೊಳ್ಳಬೇಕು. ಸೇವಾವಧಿಯಲ್ಲಿ ಎಂಜಿನ್ ಬದಲಾಗಿ, ಅದು ಪತ್ರದಲ್ಲಿ ದಾಖಲಾಗದೆ ಉಳಿದಿದ್ದರೆ ಸಾರಿಗೆ ಕಚೇರಿಯಲ್ಲಿ ನಿಮ್ಮ ಕಡತ ಅಲ್ಲಿಗೇ ನಿಲ್ಲುತ್ತದೆ. ಇಲಾಖೆಯ ಮೋಟಾರು ಸಾರಿಗೆ ವಿಭಾಗದಲ್ಲಿ ವಾಹನದ ಲಾಗ್ ಪುಸ್ತಕ ಮತ್ತು ದುರಸ್ತಿಯ ದಾಖಲೆಗಳಿರುತ್ತವೆ. ವಿನಯದಿಂದ ಕೇಳಿದರೆ ತೋರಿಸಲೂಬಹುದು. ಹಳೆಯ ಗಾಡಿಗಳ ಬೇರೆ ಯಾವ ಮಾರಾಟದಲ್ಲೂ ಇಷ್ಟು ಪ್ರಾಮಾಣಿಕ ದಾಖಲೆ ಸಿಗುವುದು ಕಷ್ಟ.

ಮಾದರಿಯ ಆಯ್ಕೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬೊಲೆರೊದ ಬಿಡಿಭಾಗ ಮತ್ತು ಅದನ್ನು ಬಲ್ಲ ಮೆಕ್ಯಾನಿಕ್ ತಾಲ್ಲೂಕು ಕೇಂದ್ರದಲ್ಲೇ ಸಿಗುತ್ತಾರೆ. ಸುಮೊ ತಯಾರಿಕೆ 2019ರಲ್ಲೇ ನಿಂತಿದೆ. ಜಿಪ್ಸಿಗೆ ಹವ್ಯಾಸಿಗಳ ಪೈಪೋಟಿ ಇರುವುದರಿಂದ ಹರಾಜಿನಲ್ಲಿ ಅಗ್ಗಕ್ಕೆ ಸಿಗುವ ನಿರೀಕ್ಷೆ ಬೇಡ.

ಹಣದ ಲೆಕ್ಕ

ಸವಾಲಿನ ಮೊತ್ತವೇ ಗಾಡಿಯ ಬೆಲೆಯೆಂದು ತಿಳಿಯುವುದು ಬಹಳ ಮಂದಿ ಮಾಡುವ ತಪ್ಪು. ಹರಾಜಿನ ಷರತ್ತಿನಂತೆ ಜಿಎಸ್‌ಟಿ ಸೇರಬಹುದು. ಸರ್ಕಾರಿ ವಾಹನಕ್ಕೆ ಆಜೀವ ತೆರಿಗೆ ಕಟ್ಟಿದೆಯೇ, ಖಾಸಗಿ ಹೆಸರಿಗೆ ಬರುವಾಗ ಎಷ್ಟು ಕಟ್ಟಬೇಕಾಗುತ್ತದೆ ಎಂಬುದನ್ನು ಸವಾಲು ಕೂಗುವ ಮೊದಲೇ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ನಮ್ಮ ರಾಜ್ಯದ ಸರ್ಕಾರಿ ವಾಹನಗಳ ‘ಜಿ’ ಸರಣಿಯ ನೋಂದಣಿ ಸಂಖ್ಯೆ ಮುಂದೆ ಏನಾಗುತ್ತದೆ ಎಂಬುದನ್ನೂ ಆಗಲೇ ವಿಚಾರಿಸಿ. ನಾಲ್ಕು ಟೈರು, ಬ್ಯಾಟರಿ, ಎಲ್ಲ ಆಯಿಲುಗಳು, ಬ್ರೇಕ್, ಕ್ಲಚ್, ವೈರಿಂಗ್, ಬಣ್ಣ, ಅತಿ ಸುರಕ್ಷಿತ ನಂಬರ್ ಪ್ಲೇಟ್, ವಿಮೆ ಇವೆಲ್ಲದರ ಅಂದಾಜನ್ನು ಮೆಕ್ಯಾನಿಕ್ ಜತೆ ಕುಳಿತು ಪಟ್ಟಿ ಮಾಡಿ. ಅದೇ ವರ್ಷದ, ಅದೇ ಮಾದರಿಯ ಖಾಸಗಿ ಗಾಡಿಗೆ ನಿಮ್ಮೂರಿನಲ್ಲಿರುವ ಬೆಲೆಯಿಂದ ಈ ಒಟ್ಟು ಮೊತ್ತವನ್ನು ಕಳೆಯಿರಿ. ಉಳಿದದ್ದರ ಮುಕ್ಕಾಲು ಪಾಲನ್ನು ನಿಮ್ಮ ಸವಾಲಿನ ಮಿತಿಯಾಗಿಟ್ಟುಕೊಳ್ಳಿ. ಉದಾಹರಣೆಗೆ, ಖಾಸಗಿ ಗಾಡಿಗೆ 4 ಲಕ್ಷ ರೂಪಾಯಿ ಬೆಲೆಯಿದ್ದು ತೆರಿಗೆ, ದುರಸ್ತಿ ಎಲ್ಲ ಸೇರಿ 1.6 ಲಕ್ಷ ಆಗುವುದಾದರೆ, 1.8 ಲಕ್ಷಕ್ಕಿಂತ ಮೇಲೆ ಕೂಗಬಾರದು. ಕಾಲುಪಾಲನ್ನು ಬಿಟ್ಟುಕೊಟ್ಟದ್ದು ಕಣ್ಣಿಗೆ ಬೀಳದ ದೋಷಗಳಿಗಾಗಿ. ಹಣವನ್ನು ಕಡಿಮೆ ಅವಧಿಯಲ್ಲಿ ಪೂರ್ತಿ ಪಾವತಿಸಬೇಕಾಗುವುದರಿಂದ ಸಾಲವನ್ನು ನೆಚ್ಚಿಕೊಂಡು ಹೋಗುವುದು ಸರಿಯಲ್ಲ.

ಮೈದಾನದಲ್ಲಿ ಈ ಮಿತಿಯನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಹರಾಜಿಗೆ ಬರುವ ಗುಜರಿ ವ್ಯಾಪಾರಿಗಳಿಗೆ ಪ್ರತಿ ಗಾಡಿಯ ಕಬ್ಬಿಣದ ತೂಕವೂ ಗೊತ್ತಿರುತ್ತದೆ. ಅವರು ಕೈಬಿಟ್ಟ ಮೇಲೂ ಇಬ್ಬರು ಹೊಸಬರು ಹಠಕ್ಕೆ ಬಿದ್ದು ಬೆಲೆ ಏರಿಸುವುದನ್ನು ಅಲ್ಲಿ ನೋಡಬಹುದು. ಕೇಂದ್ರ ಸರ್ಕಾರದ ಉದ್ಯಮವಾದ ಎಂಎಸ್‌ಟಿಸಿಯ ಜಾಲತಾಣದಂಥ ಕಡೆ ನಡೆಯುವ ಇ-ಹರಾಜಿನಲ್ಲೂ ಇದೇ ಎಚ್ಚರ ಬೇಕು. ವಾಹನವನ್ನು ‘ಇದ್ದ ಸ್ಥಿತಿಯಲ್ಲೇ’ ಮಾರುವುದರಿಂದ ಆಮೇಲಿನ ದೂರಿಗೆ ಬೆಲೆಯಿಲ್ಲ. ಗೆದ್ದು ಹಣ ಕಟ್ಟದಿದ್ದರೆ ಮುಂಗಡ ಠೇವಣಿ ಮುಟ್ಟುಗೋಲಾಗುತ್ತದೆ.

ಗೆದ್ದ ಮೇಲಿನ ಮೂವತ್ತು ದಿನ

ಸರ್ಕಾರಿ ಹರಾಜಿನಲ್ಲಿ ಕೊಂಡ ವಾಹನದ ಮಾಲೀಕತ್ವ ವರ್ಗಾವಣೆಗೆ ಪ್ರತ್ಯೇಕ ವಿಧಾನವಿದೆ. ಕೇಂದ್ರ ಮೋಟಾರು ವಾಹನ ನಿಯಮ 57ರಂತೆ, ವಾಹನ ಕೈಗೆ ಬಂದ 30 ದಿನದೊಳಗೆ ನಮೂನೆ 32ರಲ್ಲಿ ಅರ್ಜಿ ಸಲ್ಲಿಸಬೇಕು. ಅದರ ಜತೆ ಶುಲ್ಕ, ನೋಂದಣಿ ಪತ್ರ, ವಿಮಾ ಪತ್ರ, ಮಾರಾಟ ನಿಮ್ಮ ಪರವಾಗಿ ಸ್ಥಿರವಾಯಿತೆಂದು ಹರಾಜು ನಡೆಸಿದ ಅಧಿಕಾರಿ ಸಹಿ ಮಾಡಿದ ಆದೇಶ ಮತ್ತು ಹರಾಜಿಗೆ ಅನುಮತಿ ನೀಡಿದ ಸರ್ಕಾರಿ ಆದೇಶದ ದೃಢೀಕೃತ ಪ್ರತಿ ಇರಬೇಕು. ಈ ಕೊನೆಯ ಪ್ರತಿಯನ್ನು ಜನ ಮರೆತುಬಿಡುತ್ತಾರೆ. ಗಾಡಿ ಒಯ್ಯುವ ದಿನವೇ ಅದನ್ನು ಕೇಳಿ ಪಡೆಯಿರಿ. ವಾಹನ ಮೈದಾನ ಬಿಟ್ಟ ಮೇಲೆ ಅದೇ ಕಾಗದಕ್ಕಾಗಿ ಮೂರು ಸಲ ಓಡಾಡಬೇಕಾದೀತು.

ಸರ್ಕಾರಿ ಬಳಕೆಯಲ್ಲಿದ್ದಾಗ ವಾಹನಕ್ಕೆ ಇದ್ದ ವಿಮೆಯ ವ್ಯವಸ್ಥೆ ನಿಮ್ಮನ್ನು ಕಾಯುವುದಿಲ್ಲ. ನಿಮ್ಮ ಹೊಣೆಯಲ್ಲಿ ಕನಿಷ್ಠ ಮೂರನೇ ವ್ಯಕ್ತಿಯ ವಿಮೆಯಾದರೂ ಆಗುವವರೆಗೆ ಗಾಡಿಯನ್ನು ರಸ್ತೆಯಲ್ಲಿ ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ. ಮೈದಾನದಿಂದ ಗ್ಯಾರೇಜಿಗೆ ಲಾರಿಯ ಮೇಲೆ ಹೇರಿಕೊಂಡು ಹೋಗುವ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಇಲಾಖೆಯ ಬರಹ, ಲಾಂಛನ, ಪಟ್ಟಿಗಳನ್ನು ಪೂರ್ತಿ ಅಳಿಸಬೇಕು. ಸ್ಟಿಕ್ಕರ್ ಕಿತ್ತ ಜಾಗದಲ್ಲಿ ‘ಪೊಲೀಸ್’ ಎಂಬ ಅಕ್ಷರಗಳ ನೆರಳು ಉಳಿಯುವುದರಿಂದ ಬಣ್ಣ ಹೊಡೆಸುವುದು ಅನಿವಾರ್ಯವಾಗುತ್ತದೆ. ಬೇರೆ ಬಣ್ಣ ಬೇಕಿದ್ದರೆ ಅದನ್ನು ನೋಂದಣಿ ಪತ್ರದಲ್ಲಿ ದಾಖಲಿಸಬೇಕು. ಕೆಂಪು-ನೀಲಿ ದೀಪ ಮತ್ತು ಸೈರನ್ ಖಾಸಗಿ ಗಾಡಿಯಲ್ಲಿ ಇರಕೂಡದು. ಅವುಗಳ ಸ್ವಿಚ್ಚು, ತಂತಿ, ಚಾವಣಿಯ ಕಂಬಿಗಳನ್ನೂ ತೆಗೆಸಿ, ತೂತುಗಳಿಗೆ ತಗಡು ಬೆಸೆದು, ಆಮೇಲೆ ಗಾಡಿಯನ್ನು ಸಾರಿಗೆ ಕಚೇರಿಯ ಪರಿಶೀಲನೆಗೆ ಒಯ್ಯಿರಿ.

ತೋಟ, ಗದ್ದೆ, ಹಾಲಿನ ಡೇರಿ ಎಂದು ದಿನಕ್ಕೆ ಹತ್ತಿಪ್ಪತ್ತು ಕಿಲೋಮೀಟರ್ ಓಡಾಡುವ, ಮನೆಯಲ್ಲಿ ಇನ್ನೊಂದು ವಾಹನವಿರುವ, ನಂಬಿಕೆಯ ಮೆಕ್ಯಾನಿಕ್ ಹತ್ತಿರವಿರುವ ಕುಟುಂಬಕ್ಕೆ ಹತ್ತು ಹನ್ನೆರಡು ವರ್ಷದ ಇಲಾಖೆಯ ಬೊಲೆರೊವನ್ನು ನಾನು ಧೈರ್ಯವಾಗಿ ಸೂಚಿಸುತ್ತೇನೆ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು, ನಗರದ ಸಂಚಾರ ದಟ್ಟಣೆಯಲ್ಲಿ ಕಚೇರಿಗೆ ಹೋಗಬೇಕಾದವರು ಇದನ್ನೇ ಮನೆಯ ಏಕೈಕ ವಾಹನವಾಗಿ ಕೊಳ್ಳುವುದಾದರೆ ಬೇಡವೆಂದೇ ಹೇಳುತ್ತೇನೆ. ದುರಸ್ತಿ ಮತ್ತು ಕಾಗದಪತ್ರ ಮುಗಿಯುವ ತನಕದ ಎರಡು ಮೂರು ತಿಂಗಳು ಗಾಡಿ ಗ್ಯಾರೇಜಿನಲ್ಲಿರುತ್ತದೆ, ಅವರು ಬಸ್ ನಿಲ್ದಾಣದಲ್ಲಿರುತ್ತಾರೆ.