ಬೇವಿನ ನೆರಳಿಗೆ ಸುವಾಸನೆಯ ದೊಡ್ಡ ಲಿಲ್ಲಿ

ಹಿಮಾಲಯದ ತಂಪು ಕಾಡುಗಳಲ್ಲಿ ಆಳೆತ್ತರವನ್ನೂ ಮೀರಿ ಬೆಳೆಯುವ ದೈತ್ಯ ಲಿಲ್ಲಿಯ ಚಿತ್ರವನ್ನು ನೋಡಿ, ಅದರ ಗಡ್ಡೆಯನ್ನು ತರಿಸಿಕೊಳ್ಳಲು ಹಲವರು ಆಸೆಪಡುತ್ತಾರೆ. ಆದರೆ ಆ ಗಿಡಕ್ಕೆ ಚಳಿಗಾಲದಲ್ಲಿ ಕೊರೆಯುವ ಚಳಿಯೂ ಬೇಸಿಗೆಯಲ್ಲಿ ಆರದ ತೇವವೂ ಬೇಕು. ವರ್ಷಗಟ್ಟಲೆ ಕಾಯಿಸಿ ಒಮ್ಮೆ ಹೂ ಬಿಟ್ಟ ಗಡ್ಡೆ ಅಲ್ಲಿಗೇ ಸಾಯುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿ, ರಾಯಚೂರು, ಕೊಪ್ಪಳದ ಹಿತ್ತಲುಗಳಿಗೆ ಹೊಂದುವುದು ಕ್ರೈನಮ್ ಲಿಲ್ಲಿ. ಮೀಟರಿನಷ್ಟು ಉದ್ದದ ಎಲೆ, ಒಂದೇ ದಂಟಿನ ತುದಿಯಲ್ಲಿ ಗೊಂಚಲಾಗಿ ಅರಳುವ ಬಿಳಿ ಹೂ, ಸಂಜೆಯಾದಂತೆ ಹೆಚ್ಚುವ ಪರಿಮಳ ಇವೆಲ್ಲವೂ ಇದರಲ್ಲಿವೆ. ಒಮ್ಮೆ ನೆಲೆಯೂರಿದರೆ ಪ್ರತಿ ವರ್ಷವೂ ಹೂ ಬಿಡುತ್ತದೆ.

ಮೊದಲು ಜಾಗವನ್ನು ಆರಿಸಿಕೊಳ್ಳಬೇಕು. ದಿನವಿಡೀ ದಟ್ಟ ನೆರಳಿದ್ದರೆ ಎಲೆ ಸೊಂಪಾಗಿ ಬೆಳೆಯುತ್ತದೆಯೇ ಹೊರತು ಹೂ ಅಪರೂಪ. ಇಡೀ ದಿನದ ಬಿಸಿಲಿಗೆ ಎಲೆಯ ತುದಿ ಸುಡುತ್ತದೆ. ಆದ್ದರಿಂದ ಬೆಳಗಿನ ಮೂರು–ನಾಲ್ಕು ತಾಸು ಎಳೆಬಿಸಿಲು ಬಿದ್ದು, ಮಧ್ಯಾಹ್ನ ಬೇವಿನ ಮರದ ಅಥವಾ ಗೋಡೆಯ ನೆರಳು ಆವರಿಸುವ ಪೂರ್ವದಿಕ್ಕಿನ ಜಾಗವೇ ಉತ್ತಮ. ಬೇರುಗಳ ಪೈಪೋಟಿ ಇರುವುದರಿಂದ ಮರದ ಬುಡದಿಂದ ಕನಿಷ್ಠ ಎರಡು ಮೀಟರ್ ದೂರವಿರಲಿ.

ನಮ್ಮ ಭಾಗದಲ್ಲಿ ಗಡ್ಡೆ ಕೆಡುವುದಕ್ಕೆ ಬಿಸಿಲಿಗಿಂತ ಎರೆಮಣ್ಣೇ ದೊಡ್ಡ ಕಾರಣ. ಮಳೆಗಾಲದಲ್ಲಿ ನೀರನ್ನು ಹಿಡಿದಿಟ್ಟುಕೊಂಡು, ಬೇಸಿಗೆಯಲ್ಲಿ ಅಂಗೈ ಅಗಲ ಬಿರಿಯುವ ಈ ಮಣ್ಣಿನಲ್ಲಿ ಗಡ್ಡೆ ಒಂದೋ ಕೊಳೆಯುತ್ತದೆ, ಇಲ್ಲವೇ ಅದರ ಬೇರು ಹರಿಯುತ್ತದೆ. ಎರಡು ಪಾಲು ಕೆಂಪು ಮಸಾರಿ ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ, ನೆಲಮಟ್ಟಕ್ಕಿಂತ ಒಂದು ಅಡಿ ಎತ್ತರದ ಮಡಿಯನ್ನು ಕಟ್ಟಿಕೊಂಡರೆ ಈ ತೊಂದರೆ ತಪ್ಪುತ್ತದೆ. ಮಸಾರಿ ನೆಲದವರಿಗೆ ಗೊಬ್ಬರ ಬೆರೆಸಿದರೆ ಸಾಕು.

ಜೂನ್‌ನ ಮೊದಲ ಮಳೆಗಳು ಬಿದ್ದ ಮೇಲೆ ಗಡ್ಡೆಯನ್ನು ನೆಡಬೇಕು. ಗಡ್ಡೆಯ ಕುತ್ತಿಗೆ ಮಣ್ಣಿನ ಮೇಲೆ ಕಾಣುವಂತಿರಲಿ, ಒಂದು ಗಡ್ಡೆಯಿಂದ ಇನ್ನೊಂದಕ್ಕೆ ಮೂರು ಅಡಿ ಅಂತರವಿರಲಿ. ಸುತ್ತಲೂ ನೆಲ್ಲುಹುಲ್ಲನ್ನು ಹೊದಿಸಿದರೆ ತೇವ ಉಳಿಯುತ್ತದೆ. ಗಂಗಾವತಿ, ಸಿಂಧನೂರಿನ ಕಡೆ ಅದಕ್ಕೆ ಕೊರತೆಯಿಲ್ಲ. ಬೇಸಿಗೆಯಲ್ಲಿ ನಾಲ್ಕೈದು ದಿನಕ್ಕೊಮ್ಮೆ ಮಣ್ಣು ಆಳದವರೆಗೆ ನೆನೆಯುವಂತೆ ನೀರುಣಿಸಬೇಕು. ನೆಟ್ಟ ಮೊದಲ ವರ್ಷ ಹೂ ಬಾರದಿದ್ದರೆ ಗಡ್ಡೆಯನ್ನು ಕಿತ್ತು ನೋಡಬಾರದು. ಜಾಗ ಬದಲಿಸಿದಷ್ಟೂ ಹೂ ಮುಂದಕ್ಕೆ ಹೋಗುತ್ತದೆ.

ಹೂ ಅರಳುವುದನ್ನು ಮುಸ್ಸಂಜೆಯಲ್ಲಿ ಹತ್ತಿರದಿಂದ ನೋಡಬೇಕು. ದಾರದಂತೆ ಸಪೂರವಾದ ಆರು ಎಸಳುಗಳು ಹಿಂದಕ್ಕೆ ಬಾಗುತ್ತವೆ, ನೇರಳೆಗೆಂಪು ಕೇಸರಗಳು ಹೊರಚಾಚುತ್ತವೆ.

ಮಳೆಗಾಲದಲ್ಲಿ ಲಿಲ್ಲಿ ಹುಳುವಿನ ಕಾಟ ತೀವ್ರವಾಗಿರುತ್ತದೆ. ಕಪ್ಪು ಮೈಯ ಮೇಲೆ ಬಿಳಿ, ಕೆಂಪು ಚುಕ್ಕೆಗಳಿರುವ ಈ ಹುಳುಗಳು ಗುಂಪಾಗಿ ಎಲೆಯನ್ನು ಮೇಯುತ್ತವೆ, ಬಿಟ್ಟರೆ ಗಡ್ಡೆಯವರೆಗೂ ಇಳಿಯುತ್ತವೆ. ಕಂಡ ಕೂಡಲೇ ಆರಿಸಿ ಸೋಪಿನ ನೀರಿಗೆ ಹಾಕಿ, ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ ಮತ್ತು ತುಸು ಸೋಪು ಬೆರೆಸಿ ಸಂಜೆ ಸಿಂಪಡಿಸಬೇಕು.

ಈ ಗಡ್ಡೆ ವಿಷಕಾರಿ ಎಂಬುದನ್ನು ಮರೆಯಬಾರದು. ನೋಡಲು ದೊಡ್ಡ ಉಳ್ಳಾಗಡ್ಡಿಯಂತಿರುವುದರಿಂದ ಅದನ್ನು ಅಡುಗೆಮನೆಯ ಹತ್ತಿರ ಇಡಲೇಬಾರದು; ಮಕ್ಕಳು, ದನಕರುಗಳಿಗೆ ಎಟುಕದಂತಿರಲಿ. ರಸ ತಾಗಿದರೆ ಚರ್ಮ ಕೆರೆಯುವುದರಿಂದ ಕೈಗವಸು ಧರಿಸಬೇಕು.

ಗಿಡವನ್ನು ಹೆಚ್ಚಿಸಲು ತಾಯಿಗಡ್ಡೆಯ ಪಕ್ಕದ ಮರಿಗಳನ್ನು ಮಳೆಗಾಲದ ಆರಂಭದಲ್ಲಿ ಬೇರ್ಪಡಿಸಬಹುದು. ಬೀಜದಿಂದಲೂ ಬೆಳೆಸಬಹುದು: ರಸಭರಿತವಾದ ದಪ್ಪ ಬೀಜ ಮಣ್ಣಿಲ್ಲದೆಯೂ ಮೊಳೆಯುವಂಥದ್ದು, ಆದ್ದರಿಂದ ಅದನ್ನು ಹೂಳದೆ, ಅರ್ಧದಷ್ಟು ಮಾತ್ರ ಒತ್ತಿ ನೆರಳಿನಲ್ಲಿಡಬೇಕು. ಬೀಜದ ಸಸಿ ಹೂವಿಗೆ ಬರಲು ಕೆಲವು ವರ್ಷಗಳೇ ಬೇಕಾಗುವುದರಿಂದ, ಬೇಗ ಹೂ ಬೇಕೆನ್ನುವವರು ಮರಿಗಡ್ಡೆಯನ್ನೇ ನೆಡುವುದು ಒಳಿತು.